ತೀರ್ಥಪ್ಪನ ಬಾಗಿಲಿಗೆ ಬಂದ ಕೆಂಪು ಕಾರು

ತರೀಕೆರೆಯ ತೀರ್ಥಪ್ಪನ ಜಗಲಿಯ ಮೇಲೆ ಕ್ಷೌರದ ತಮ್ಮಯ್ಯ ಕತ್ತಿ ಮಸೆಯುತ್ತ ಕೂತಿದ್ದ ಹೊತ್ತಿಗೆ, ಅತ್ತ ಅಜ್ಜಂಪುರದ ದಾರಿಯಲ್ಲಿ ದೇವೀರಪ್ಪ ತನ್ನ ಮೀಸೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದ. ಅಂಥಿಂಥ ಮೀಸೆಯಲ್ಲ. ಗುಬ್ಬಿಗಳು ಗೂಡಿಗೆ ಜಾಗ ನೋಡಿಕೊಂಡು ಹೋಗುವಂಥದ್ದು. ಹೊತ್ತು ನೆತ್ತಿಗೇರುವುದರೊಳಗೆ ಕಾರು ತೀರ್ಥಪ್ಪನ ಬಾಗಿಲು ಮುಟ್ಟದಿದ್ದರೆ ಆ ಮೀಸೆ ತಮ್ಮಯ್ಯನ ಪಾಲು.

ಪಂಥ ಕಟ್ಟಿದವನು ತೀರ್ಥಪ್ಪನೇ, ದೇವೀರಪ್ಪನ ಹೆಂಡತಿ ಸಾವಿತ್ರಮ್ಮನ ಅಣ್ಣ.

"ಆ ಬಿಳೀ ದೊರೆ ಬಿಟ್ಟೋದ ಡಬ್ಬ ನಿನ್ನ ಕೊಟ್ಟಿಗೆ ದಾಟಲ್ಲ ಕಣೋ ಭಾವ," ಎಂದು ಹಂಗಿಸಿದ್ದ. "ದಾಟಿ ನನ್ ಬಾಗ್ಲಿಗೆ ಬಂತೋ, ನನ್ ಮೀಸೆ ಬೋಳಿಸ್ತೀನಿ. ಬರ್ಲಿಲ್ವೋ, ನಿಂದು! ಆಳುಗಳು ತಳ್ಳಂಗಿಲ್ಲ, ಲಾರಿಗೆ ಹೇರಂಗಿಲ್ಲ, ರೈಲಿಗೆ ಹತ್ತಿಸಂಗಿಲ್ಲ. ನಾಲ್ಕು ಚಕ್ರದ ಮೇಲೆ ಉರುಳ್ಕೊಂಡೇ ಬರ್ಬೇಕು."

ಡಬ್ಬವಂತೆ! ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆ ತನ್ನ ಸೀಮೆಗೆ ಹಡಗು ಹತ್ತುವಾಗ ದೇವೀರಪ್ಪನಿಗೆ ಬಿಟ್ಟುಹೋದ ಆ ಕಾರು ಇಡೀ ಮೈಸೂರು ರಾಜ್ಯಕ್ಕೇ ಒಂದು. ಹಣ್ಣುಮೆಣಸಿನಕಾಯಿ ನಾಚಬೇಕು, ಅಂಥ ಕೆಂಪು. ಎಷ್ಟು ತಗ್ಗೆಂದರೆ, ಕೂತವರು ಕೈ ಇಳಿಬಿಟ್ಟು ರಸ್ತೆಯ ಮೇಲಿನ ಕಡಲೆಕಾಯಿ ಹೆಕ್ಕಬಹುದು. ಎಷ್ಟು ಉದ್ದವೆಂದರೆ, ಮೂತಿ ಬೀರೂರು ತಲುಪಿದಾಗ ಬಾಲ ಇನ್ನೂ ಕಡೂರಿನಲ್ಲೇ. ತೊಗಲಿನ ಸೀಟಿಗೆ ಒರಗಿದರೆ ಹಳೇ ಸೊಂಟನೋವಿಗೂ ನಿದ್ದೆ ಹತ್ತುತ್ತದೆ. ಮಾಡಂತೂ, ಹಿಡಿ ಎಳೆದರೆ ಸಾಕು, ಛತ್ರಿಯಂತೆ ಮಡಚಿಕೊಂಡು ಬೆನ್ನ ಹಿಂದೆ ಮಲಗುತ್ತದೆ. ಮುಂದಿನ ಗಾಜೂ ಬಾನೆಟ್ಟಿನ ಮೇಲೆ ಒರಗುತ್ತದೆ. ಆಮೇಲೆ ಕೂತವನಿಗೂ ಆಕಾಶಕ್ಕೂ ನಡುವೆ ಪೇಟವೊಂದೇ ಅಡ್ಡ.

ಕೆಟ್ಟು ನಿಂತಿತ್ತು, ನಿಜ. ಆದರೆ ಬಾನೆಟ್ಟಿನೊಳಗಿನ ಕಾಯಿಲೆಯನ್ನೆಲ್ಲ ಮೆಕ್ಯಾನಿಕ್ ಮುದ್ದಪ್ಪ ಬುಡಸಮೇತ ತೆಗೆದುಹಾಕಿದ್ದ. ಅಂದಿನಿಂದ ಕಾರು ಹೂವಿನಷ್ಟು ಹಗುರ. ಕೆಮ್ಮಿಲ್ಲ, ಹೊಗೆಯಿಲ್ಲ.

ಗಂಡ ಹೆಂಡತಿ ಕೋಳಿ ಕೂಗುವ ಹೊತ್ತಿಗೇ ಹೊರಟಿದ್ದರು. ಇಂಥ ಕಾರನ್ನು ಸುಯ್ಯೆಂದು ಓಡಿಸಿಬಿಟ್ಟರೆ ಜನ ನೋಡುವುದು ಯಾವಾಗ? ದಾರಿಯಲ್ಲಿ ಸೈಕಲ್ಲಿನ ಮೇಲೆ ಸಿಕ್ಕ ಊರಿನ ಹನುಮಂತಪ್ಪ ಪಕ್ಕದಲ್ಲೇ ಮಾತಾಡುತ್ತ ಬಂದ.

"ಸಾವ್ಕಾರ್ರೇ, ಪೆಟ್ರೋಲ್ ಎಷ್ಟು ಕುಡಿಯುತ್ತೆ?"

"ತೊಟ್ಟೂ ಮುಟ್ಟಲ್ಲ ಕಣಪ್ಪ!"

ಹನುಮಂತಪ್ಪ ನಕ್ಕ ರಭಸಕ್ಕೆ ಸೈಕಲ್ಲು ಬೇಲಿಗೆ ನುಗ್ಗಿತು.

ಎದುರಿಗೆ ಬಂದ ಬಸ್ಸು ನಿಂತೇಹೋಯಿತು. ಒಳಗಿದ್ದವರೆಲ್ಲ ಒಂದೇ ಬದಿಯ ಕಿಟಕಿಗೆ ಬಿದ್ದು ಬಸ್ಸು ವಾಲಿತು. ಡ್ರೈವರ್ ಇಳಿದು ಕಾರಿಗೆ ಅಡ್ಡಬಿದ್ದ. ಸಾವಿತ್ರಮ್ಮ ಸೆರಗನ್ನು ಮೂಗಿನ ತನಕ ಎಳೆದುಕೊಂಡಳು. ತೆರೆದ ಕಾರಲ್ಲವೇ, ಧೂಳು.

ಅಷ್ಟರಲ್ಲಿ ಮಳೆ ಹನಿಯಿತು.

"ಮಾಡು ಏರಿಸ್ರೀ, ಸೀರೆ ನೆನೀತಿದೆ."

"ಮಾಡು ಏರ್ಸಿದ್ರೆ ಮೀಸೆ ಇಳೀತು ಅಂತ್ಲೇ ತಿಳ್ಕೊ ಕಣೇ!"

"ಯಾರ ಮೀಸೆ ಹೋದ್ರೂ ನನ್ ಮನೇದೇ ಅಲ್ವೇನ್ರೀ," ಎಂದು ಗೊಣಗುತ್ತ ಆಕೆ ಕಾರಿನೊಳಗೇ ಕೊಡೆ ಬಿಚ್ಚಿದಳು.

ಮಳೆ ಹೋಗಿ ಬಿಸಿಲು ಬಂತು. ಹೊತ್ತು ಏರಿತು. ಕೆರೆ ಏರಿಯ ಚಡಾವಿನಲ್ಲಿ ಕಾರು ಇದ್ದಕ್ಕಿದ್ದಂತೆ ನಿಂತೇಬಿಟ್ಟಿತು. ದೇವೀರಪ್ಪನ ಮೇಲ್ತುಟಿ ಆಗಲೇ ತಣ್ಣಗಾದಂತೆನಿಸಿತು.

"ಇಳಿದು ತಳ್ಳಲೇನ್ರೀ?"

"ಮುಟ್ಟೀಯಾ! ಆಳು ತಳ್ಳಂಗಿಲ್ಲ."

"ನಾನೇನು ನಿಮ್ಮ ಆಳಾ?"

ಜಗಳಕ್ಕೆ ಹೊತ್ತಿರಲಿಲ್ಲ. ದೇವೀರಪ್ಪ ಕೆರೆಯಿಂದ ಬಕೆಟ್ಟಿನಲ್ಲಿ ನೀರು ತಂದು ಮುಂಭಾಗಕ್ಕೆ ಕೊಟ್ಟ. ಅಷ್ಟು ದೂರ ಬಂದ ಮೇಲೆ ನೀರು ಬೇಡವೇ? ಕಾದ. ಮುದ್ದು ಮಾಡಿದ. ಕೊನೆಗೆ ಸೀಟಿನ ಮೇಲೆ ನಿಂತು, ಕೆರೆಯ ಕೊಕ್ಕರೆಗಳು ಬೇರೆ ತಾಲ್ಲೂಕಿಗೆ ಹಾರುವಂತೆ ಗದರಿದ. ಕಾರು ಒಮ್ಮೆ ಜಗ್ಗಿ ಹೊರಟಿತು.

ನೆರಳು ಕಾಲಡಿಗೆ ಬರಲು ಇನ್ನೂ ಗೇಣಿದ್ದಾಗ ಕೆಂಪು ಮೂತಿ ತೀರ್ಥಪ್ಪನ ಬೀದಿಗೆ ತಿರುಗಿತು. ಅರ್ಧ ತರೀಕೆರೆ ಹಿಂದೆ, ಅರ್ಧ ತರೀಕೆರೆ ಮುಂದೆ. ಹಾರನ್ನು ಒತ್ತಿದ ಸದ್ದಿಗೆ ಹೆಂಚುಗಳು ಜಾರಿದವು.

ತೀರ್ಥಪ್ಪ ಹೊರಬಂದ. ಕಾರನ್ನು ನೋಡಿದ.

"ಇದು ಅನ್ಯಾಯ ಕಣೋ ಭಾವ!"

"ಆಳು ತಳ್ಳಿದ್ರಾ?"

"ಇಲ್ಲ," ಎಂದಿತು ಜನ.

"ಲಾರಿ? ರೈಲು?"

"ಇಲ್ವೇ ಇಲ್ಲ!"

"ಚಕ್ರ ಎಣಿಸ್ಕೋ ಭಾವ. ನಾಲ್ಕೂ ಉರುಳ್ಕೊಂಡೇ ಬಂದಿವೆ."

ತೀರ್ಥಪ್ಪ ತಂಗಿಯ ಮುಖ ನೋಡಿದ. ತಂಗಿ ಕೊಡೆಯೊಳಗೆ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು. ನ್ಯಾಯ ಹೇಳಿದವನು ತಮ್ಮಯ್ಯ: "ಕೂತ್ಕಳಿ ಸಾವ್ಕಾರ್ರೇ, ಬಿಸಿನೀರು ಆರೋಗ್ತದೆ."

ಕತ್ತಿ ಎರಡು ಸಲ ಆಡಿತು.

ಮೀಸೆ ಹೋದರೂ ಮರ್ಯಾದೆ ಬಿಡುವ ಮನೆತನವಲ್ಲ ತೀರ್ಥಪ್ಪನದು. ನೆಂಟರ ಕಾಲಿಗೆ ನೀರು ಕೊಡುವ ಮೊದಲೇ, ಊರ ವಾಡಿಕೆಯಂತೆ, ಕಾರಿನ ನೊಗ ಇಳಿಸಿ ಎರಡು ಎತ್ತುಗಳಿಗೂ ಹುಲ್ಲು ಹಾಕಿದ.