ಒಂದು ಕರಿ ಕವರು ಬೇಕಾಗಿದೆ

“ಕರಿ ಕವರು ಇಲ್ಲ ಅಂದ್ರೆ ಇಲ್ಲ ಸಾರ್. ಬೇಕಾದ್ರೆ ಇನ್ನೊಂದು ಕೋಳಿ ಕೊಯ್ದುಕೊಡ್ತೀನಿ.”

ಕೋಳಿ ಅಂಗಡಿಯ ಗಂಗಯ್ಯ ಕತ್ತಿ ಒರೆಸುತ್ತ ಹೇಳಿದ. ಭೀಮರಾಜು ಹೆಲ್ಮೆಟ್ಟಿನ ಗಾಜನ್ನು ಅರ್ಧ ಮಾತ್ರ ಎತ್ತಿ ತನ್ನ ಬಟ್ಟೆಚೀಲ ನೋಡಿಕೊಂಡ. ಅಚ್ಚಿನ ಅಕ್ಷರಗಳು ಕಾಣದಂತೆ ಅದನ್ನು ತೊಡೆಗೆ ಒತ್ತಿ ಹಿಡಿದಿದ್ದ. ಮುತ್ತುಗದ ಎಲೆ, ಅದರ ಮೇಲೆ ಎರಡು ಸುತ್ತು ಪೇಪರು. ಎಲ್ಲವನ್ನೂ ದಾಟಿ ಒಂದು ಕೆಜಿ ನಾಟಿಕೋಳಿ ಚೀಲದ ತಳಕ್ಕೆ ಕೆಂಪಗೆ ಸಹಿ ಹಾಕುತ್ತಿತ್ತು.

ನಾಲ್ಕು ತಿಂಗಳ ಹಿಂದೆ ಈ ಊರಿಗೆ ವರ್ಗವಾಗಿ ಬಂದಾಗ ಹನ್ನೊಂದು ಮನೆಗಳ ಗೇಟಿನಲ್ಲಿ ನಿಂತು, ಹನ್ನೊಂದು ಸಲ “ನೀವು ಯಾವ ಜನ?” ಅನ್ನಿಸಿಕೊಂಡಿದ್ದ. ಹನ್ನೆರಡನೆಯ ಮನೆಯ ಮಾಲೀಕರಾದ ರಾಜಲಕ್ಷ್ಮಮ್ಮ ಜನ ಕೇಳಲಿಲ್ಲ, ಊಟ ಕೇಳಿದರು. “ಕಾಂಪೌಂಡಿನೊಳಗೆ ಮಾಂಸ ಬಂದ ದಿನ ನೀವು ಆಚೆಗೆ,” ಎಂದರು. ಭೀಮರಾಜು ತಲೆಯಾಡಿಸಿದ್ದ. ಈಗ ಹೆಂಡತಿ ಸುನಿತಾಗೆ ಏಳು ತಿಂಗಳು. ಮೂರು ವಾರದಿಂದ ಕೋಳಿಸಾರಿನದೇ ಜಪ. ಈ ಹೊಟ್ಟೆ ಹೊತ್ತವಳನ್ನು ಹದಿಮೂರನೆಯ ಗೇಟು ಹತ್ತಿಸುವುದು ಆಗದ ಮಾತು.

ಹಿಂದಿನ ಭಾನುವಾರ ಸ್ಟೀಲ್ ಡಬ್ಬಿಯ ಉಪಾಯ ಮಾಡಿದ್ದ. “ಹಾಲಾ? ಕಾಫಿಗೆ ಒಂದು ಲೋಟ ಬಗ್ಗಿಸಿ,” ಎಂದು ಜಗಲಿಯ ಮೇಲಿಂದಲೇ ಲೋಟ ಚಾಚಿದ್ದರು ರಾಜಲಕ್ಷ್ಮಮ್ಮ. ಒಡೆದುಹೋಗಿದೆ, ವಾಪಸು ಕೊಟ್ಟುಬರ್ತೀನಿ ಎಂದು ತಿರುಗಿದ್ದ. ಅವತ್ತು ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಹಬ್ಬ. ಈ ಸಲ ವಾಸನೆಗೆಂದು ಎರಡು ಕಟ್ಟು ಊದುಬತ್ತಿ ತಂದಿಟ್ಟಿದ್ದ. ಮೂಗಿಗೇನೋ ವ್ಯವಸ್ಥೆಯಾಯಿತು, ಕಣ್ಣಿಗೆ ಕವರು ಬೇಕಲ್ಲ?

“ಮೊದ್ಲು ಎಲ್ಲಾರ್ಗೂ ಕರಿ ಕವರೇ ಕೊಡ್ತಿದ್ದೆ. ಒಳಗಿರೋದು ಕೋಳಿನೋ ಕೋಸೋ ದೇವ್ರಿಗೂ ಗೊತ್ತಾಗ್ತಿರ್ಲಿಲ್ಲ,” ಗಂಗಯ್ಯ ನಿಟ್ಟುಸಿರಿಟ್ಟ. “ಪ್ಲಾಸ್ಟಿಕ್ ಬ್ಯಾನ್ ಆದ್ಮೇಲೆ ಬಾಡಿಗೆ ಮನೇಲಿರೋ ಗಿರಾಕಿಗಳೆಲ್ಲ ಬಂದ್ ಆಗೋದ್ರು. ಎರಡು ಸಲ ದಂಡ ಕಟ್ಟಿವ್ನಿ, ಮೂರನೇದಕ್ಕೆ ಬೀಗ. ಮುನ್ಸಿಪಾಲ್ಟಿ ಸ್ಕ್ವಾಡ್ನೋರ್ನ ಕಳಿಸ್ಬುಟ್ಟು ಒಬ್ಬ ಫ್ಯಾನ್ ಕೆಳಗೆ ಕೂತವ್ನೆ ಸಾರ್, ದಂಡದ ಚೀಟಿಗೆ ಸೈನ್ ಹಾಕೋನು. ಮುಖ ಯಾರೂ ನೋಡಿಲ್ಲ.”

ಆಮೇಲೆ ಮೂಗು ಹಿಡಿದುಕೊಂಡು ಪ್ರಚಾರದ ಆಟೋದ ಮೈಕೇ ಆಗಿಬಿಟ್ಟ. “ಸಾರ್ವಜನಿಕರಲ್ಲಿ ವಿನಂತಿ... ಪ್ಲಾಸ್ಟಿಕ್ ಚೀಲ ಬಳಸಿದವರಿಗೆ ಉಗ್ರ ಶಿಕ್ಷೆ...”

“ಶಿಕ್ಷೆ ಅಲ್ಲ, ‘ಸೂಕ್ತ ದಂಡ’,” ಎಂದ ಭೀಮರಾಜು.

“ನಿಮ್ಗೆಂಗೆ ಬಾಯಿಪಾಠ?”

“ದಿನಾ ಕೇಳಿ ಕೇಳಿ ತಲೆ ಕೆಟ್ಟಿದೆ ಕಣಪ್ಪ.”

ಎದುರಿನ ಬಟ್ಟೆ ಅಂಗಡಿಯ ಚನ್ನಮಲ್ಲಯ್ಯನ ಮುಖದಲ್ಲಿ ಮಾತ್ರ ದೀಪಾವಳಿ. ಸೀರೆಗಿಂತ ಚೀಲವೇ ಹೆಚ್ಚು ಹೋಗುತ್ತಿತ್ತು. “ಬ್ಯಾನ್ ಮಾಡ್ದೋರ ಹೊಟ್ಟೆ ತಣ್ಣಗಿರ್ಲಿ,” ಎನ್ನುತ್ತ ದಪ್ಪ ಚೀಲವೊಂದನ್ನು ಕೊಡವಿ ಹಿಡಿದ. ಅದರ ಮೇಲೆ ಕಮಲದಲ್ಲಿ ಕೂತ ಲಕ್ಷ್ಮಿ. ಲಕ್ಷ್ಮಿಯ ಬೆನ್ನ ಹಿಂದೆ ಕೋಳಿ! ಭೀಮರಾಜುವಿಗೆ ಧೈರ್ಯ ಬರಲಿಲ್ಲ.

“ದೇವರಿಲ್ಲದ್ದು ಒಂದು ಕೊಡಿ.”

“ದೇವ್ರಿಲ್ದೇ ಇರೋ ಜಾಗ ಯಾವುದಿದೆ ಹೇಳಿ ಸ್ವಾಮಿ?”

ಬೇಕರಿಯಲ್ಲಿ ರಟ್ಟಿನ ಡಬ್ಬವಿತ್ತು. ಕೇಕ್ ಕಾಣಲೆಂದು ಅದರ ಮುಚ್ಚಳಕ್ಕೊಂದು ಕಿಟಕಿ. ಮೆಡಿಕಲ್‌ನವನು ಕೊಟ್ಟ ಕಾಗದದ ಕವರಿನಲ್ಲಿ ಕೋಳಿಯ ಒಂದು ಕಾಲು ಹಿಡಿಸಬಹುದಿತ್ತು, ಅದೂ ಮಡಚಿದರೆ. ಹೋಟೆಲಿನವನಂತೂ ಸಾಂಬಾರಿನ ಡ್ರಮ್ಮಿನ ಪಕ್ಕ ಸೌಟು ಹಿಡಿದು ಯುದ್ಧಕ್ಕೇ ನಿಂತಿದ್ದ.

“ಪಾರ್ಸಲ್ ವ್ಯಾಪಾರ ಪೂರ್ತಿ ಹೋಯ್ತು. ಸಾಂಬಾರ್‌ನ ಪೇಪರಲ್ಲಿ ಕಟ್ಲಾ? ಆ ಸೈನ್ ಹಾಕೋನ್ನ ಕರ್ಕೊಂಬನ್ನಿ, ಅವನ ಅಂಗೈಗೇ ಬಿಡ್ತೀನಿ.”

ಭೀಮರಾಜು ಕೈಯನ್ನು ಜೇಬಿಗಿಳಿಸಿ ಹೊರಬಂದ. ಬಿಸಿಲು ಏರಿತ್ತು. ಚೀಲದಿಂದ ಒಂದು ಹನಿ ಶೂ ಮೇಲೆ ಬಿತ್ತು, ಇನ್ನೊಂದು ಪ್ಯಾಂಟಿನ ಮೇಲೆ. ಒಂದು ನಾಯಿ, ಬಹುಶಃ ಹೋದ ವಾರದ್ದೇ, ಹಳೆಯ ಸ್ನೇಹಿತನಂತೆ ಹಿಂದೆ ಬಿತ್ತು. ಈ ಊರು, ಈ ಕೋಳಿ, ಈ ಕಾನೂನು ಎಲ್ಲವನ್ನೂ ಒಟ್ಟಿಗೆ ಬೈಯುವ ಒಂದು ಮಾತಿಗಾಗಿ ಹುಡುಕಿದ. ಸಿಗಲಿಲ್ಲ.

ಮಾರಮ್ಮನ ಗುಡಿಯ ಪಕ್ಕದಲ್ಲಿ ಹೂವು ಮಾರುವ ದಾಸಮ್ಮ, ಕೊಳಾಲದಿಂದ ಬಂದ ಸೇವಂತಿಗೆಗೆ ನೀರು ಚಿಮುಕಿಸುತ್ತಿದ್ದಳು. ಅವನ ಅವಸ್ಥೆ ನೋಡಿ ಕರೆದಳು. ಅವನು ಹೆಂಡತಿಯ ಬಯಕೆ, ಮನೆಯ ಷರತ್ತು ಎರಡನ್ನೂ ಹೇಳಿದ. ಅವಳು ಅತ್ತ ಇತ್ತ ನೋಡಿ, ಪುಟ್ಟಿಯ ಅಡಿಯಿಂದ ನಾಲ್ಕು ಮಡಿಕೆಯ ಕರಿ ಕವರೊಂದನ್ನು ಎಳೆದಳು.

“ಬಸುರಿ ಬಯಕೆ ತೀರಿಸ್ದೆ ಇದ್ರೆ ಮಗಿನ ಕಿವಿ ಸೋರ್ತದೆ ಕಣಪ್ಪ. ತಗಂಡೋಗು. ನಾನ್ ಕೊಟ್ಟೆ ಅನ್ಬ್ಯಾಡ.”

“ಎಲ್ಲಿಂದ ತರಿಸ್ತೀಯಮ್ಮ ಇದನ್ನ?”

“ಯಾಕ್ಲಾ, ನೀನೂ ಅಂಗ್ಡಿ ಇಕ್ತೀಯಾ?”

ಭೀಮರಾಜು ನಾಲಿಗೆ ಕಚ್ಚಿಕೊಂಡ. ಬಟ್ಟೆಚೀಲವನ್ನು ಸುರುಳಿ ಸುತ್ತಿ ಬೈಕಿನ ಡಿಕ್ಕಿಗೆ ತುರುಕಿದ. ಕರಿ ಕವರಿನೊಳಗೆ ಹೋದ ಕೋಳಿ ಕ್ಷಣದಲ್ಲಿ ಏನು ಬೇಕಾದರೂ ಆಗಬಲ್ಲ ತೂಕವಾಯಿತು. ದಾರಿಯುದ್ದಕ್ಕೂ “ಕೋಸು, ಕೋಸು” ಎಂದು ಅಭ್ಯಾಸ ಮಾಡಿದ.

ರಾಜಲಕ್ಷ್ಮಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗೇಟಿನ ಸದ್ದಿಗೆ ತಲೆಯೆತ್ತಿದರು. ಅವರ ಕಣ್ಣು ಅವನ ಮುಖಕ್ಕೆ ಬರಲಿಲ್ಲ, ನೇರ ಕೈಗೆ ಹೋಯಿತು. ಅಲ್ಲೇ ನಿಂತಿತು. ಕಿಟಕಿಯ ಹಿಂದೆ ಸುನಿತಾ ಊದುಬತ್ತಿಗೆ ಕಡ್ಡಿ ಗೀರಿದಳು.

“ಕೋಸು ಅಮ್ಮ,” ಎಂದ ಭೀಮರಾಜು, ಕೇಳುವ ಮೊದಲೇ.

ರಾಜಲಕ್ಷ್ಮಮ್ಮ ಕೈ ಒರೆಸಿಕೊಂಡು, ಪಕ್ಕದಲ್ಲಿದ್ದ ಮೊಬೈಲು ಎತ್ತಿ, ನಿಧಾನವಾಗಿ ಒಂದು ಫೋಟೋ ತೆಗೆದರು.

“ಒಳಗೆ ಕೋಸಿರ್ಲಿ ಕಲ್ಲಿರ್ಲಿ, ನನಗ್ಯಾಕೆ ಸಾಹೇಬ್ರೇ, ಊರಿನ ಕವರ್ ದಂಡಕ್ಕೆಲ್ಲ ಸೈನ್ ಹಾಕೋರ ಕೈಲೇ ಕವರು ಸಿಕ್ತಲ್ಲ, ನನ್ನ ತಮ್ಮನ ಅಂಗಡಿಗೆ ಹಾಕ್ಸಿದ ಬೀಗ ನಾಳೆ ತೆಗೆಸ್ತೀರಿ ತಾನೆ?”