ಪವಾಡಕ್ಕೆ ಗೆಜೆಟೆಡ್ ಸಹಿ

ಅತೀಂದ್ರಿಯ ಶಕ್ತಿ ಇದೆಯೆಂದು ಸಾಬೀತು ಮಾಡಿದವರಿಗೆ ಹತ್ತು ಲಕ್ಷ ಬಹುಮಾನ ಎಂದು ವಿಚಾರವಾದಿಗಳ ಸಂಘ ಸವಾಲು ಹಾಕಿತ್ತು. ಬಂದವರನ್ನೆಲ್ಲ ಪರೀಕ್ಷಿಸಿ ಸಾಕಾಗಿ, ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೊಸ ನಿಯಮ ಮಾಡಿತು: ಅರ್ಜಿದಾರರ ಶಕ್ತಿಯನ್ನು ಇಬ್ಬರು ಗೆಜೆಟೆಡ್ ಅಧಿಕಾರಿಗಳು ಸಹಿ, ಸೀಲು ಹಾಕಿ ದೃಢೀಕರಿಸಿರಬೇಕು.

ಬಾಗಿಲು ತೆರೆದರೆ, ಕಣಿ ಹೇಳುವ ಮುದುಕಿಯೊಬ್ಬಳು ಅರ್ಜಿ ಹಿಡಿದು ಕೂತಿದ್ದಳು.

"ನಿಯಮ ಈಗಷ್ಟೇ ಬದಲಾಯ್ತಮ್ಮ. ಇಬ್ಬರು ಅಧಿಕಾರಿಗಳ ಸಹಿ ಬೇಕು," ಎಂದರು ಅಧ್ಯಕ್ಷರು.

"ಗೊತ್ತು ಸ್ವಾಮಿ, ಹಾಕಿಸ್ಕಂಡೇ ಬಂದಿವ್ನಿ."

ಎರಡು ಸಹಿ, ಎರಡು ಸೀಲು. ತಾರೀಖು ಹೋದ ಸೋಮವಾರದ್ದು.

ಅಧ್ಯಕ್ಷರು ಬೆವರು ಒರೆಸಿಕೊಂಡು ಕಾರ್ಯದರ್ಶಿಯ ಕಿವಿಯಲ್ಲಿ, "ಇಬ್ಬರು ಅನ್ನೋದನ್ನ ಮೂವರು ಅಂತ ತಿದ್ರೀ," ಎಂದರು.

"ಮೂರ್ನೇದು ಹಿಂದ್ಗಡೆ ಐತೆ ಸ್ವಾಮಿ, ಹಾಳೆ ಮಗ್ಚಿ ನೋಡಿ," ಎಂದಳು ಮುದುಕಿ.