ಒಂದೋ, ಏಳೋ

"ಇದ್ದ ಹಾಗೇ ಓದು, ಧಾತ್ರಿ. ಇಂಗ್ಲಿಷ್‌ನಲ್ಲೇ ಓದು," ಎಂದರು ಸತ್ಯಮೂರ್ತಿ.

ಧಾತ್ರಿ ಕೈಯಲ್ಲಿದ್ದ ಪುಸ್ತಕದತ್ತ ನೋಡಿದಳು. ಪ್ರೊಫೆಸರರ ಕಣ್ಣು ಹೋದ ಮೂರು ವರ್ಷಗಳಿಂದ, ಅವರ ಲೇಖನವನ್ನು ಯಾರೇ ಉಲ್ಲೇಖಿಸಿದರೂ ಈ ಹಳೆಯ ವಿದ್ಯಾರ್ಥಿನಿ ಮುಂಬೈಯ ದಾದರಿನ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬೊರಿವಲಿ ಲೋಕಲ್ ರೈಲು ಹಿಡಿದು ಬಂದು ಓದಿ ಹೇಳುತ್ತಿದ್ದಳು. ರೆನೆಸಾನ್ಸ್ ಕಾಲದ ಒಂದು ಅನಾಮಿಕ ಇಂಗ್ಲಿಷ್ ನಾಟಕ ಯಾವ ವರ್ಷದ್ದೆಂದು ಗೊತ್ತುಮಾಡಿದ ಆ ಒಂದು ಲೇಖನವೇ ಅವರಿಗೆ ಹೆಸರು ತಂದದ್ದು. ಇದು ಅದರ ಇನ್ನೂರ ಹನ್ನೆರಡನೆಯ ಉಲ್ಲೇಖ. ಇವತ್ತು ಮಾತ್ರ ಅವಳು ಓದದೆ, "ತುಂಬಾ ಹೊಗಳಿದ್ದಾರೆ ಸರ್," ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದ್ದಳು.

ಈಗ ತೆರೆದು ಓದಿದಳು. ಹಸ್ತಪ್ರತಿಯಲ್ಲಿ ಇಸವಿಯ ಕೊನೆಯ ಅಂಕಿ ಒಂದು. ಸತ್ಯಮೂರ್ತಿ ಅದನ್ನು ಏಳು ಎಂದು ಓದಿದ್ದಾರೆ. ಅವರ ವಾದ ನಿಲ್ಲುವುದಿಲ್ಲ ಎಂದಿತ್ತು.

ಅವರು ಬೆರಳಿನಿಂದ ತೊಡೆಯ ಮೇಲೆ ಒಂದು ಅಂಕಿ ಬರೆದರು. ಅಂಗೈಯಿಂದ ಉಜ್ಜಿದರು. ಮತ್ತೆ ಬರೆದರು.

"ಸರಿಯಾಗೇ ಹೇಳಿದ್ದಾರೆ. ಒಂದೋ ಏಳೋ ಅಂತ ನನಗೂ ಅವತ್ತೇ ಅನುಮಾನ ಬಂದಿತ್ತು ಕಣಮ್ಮ. ಯಾರಿಗೂ ಹೇಳಲಿಲ್ಲ." ಆಮೇಲೆ ಅವಳ ಕಡೆ ತಿರುಗಿ ಕೇಳಿದರು: "ನಿನ್ನ ಪೂರಾ ಥೀಸಿಸ್ ಆ ಏಳರ ಮೇಲೇ ನಿಂತಿದೆ. ಈ ಪುಸ್ತಕದಲ್ಲಿ ನಿನ್ನ ಹೆಸರೂ ಇದೆಯಾ?"

"ಇದೆ ಸರ್," ಎಂದಳು ಧಾತ್ರಿ. "ಮುಂದಿನ ವಾಕ್ಯದಲ್ಲಿ."